ಇಬ್ಬರದೂ ಒಂದೇ ತಪ್ಪು

ನಮ್ಮ ಕೆಲಸ ಏನೆಂದು ಕೇಳಿದವರಿಗೆಲ್ಲ ಹೇಳಿ ಹೇಳಿ ನನಗೆ ಸಾಕಾಗಿದೆ. ಕಂಪ್ಯೂಟರಿಗೆ ಇಂಗ್ಲಿಷ್ ಅರ್ಥವಾಗಲೆಂದು ವಾಕ್ಯದ ಕ್ರಿಯಾಪದ ಹಿಡಿದು, ಮಾಡಿದವರು ಯಾರು, ಯಾರಿಗೆ ಮಾಡಿದರು, ಯಾವುದರಿಂದ ಮಾಡಿದರು ಎಂದು ಗುರುತು ಹಾಕಬೇಕು, ಅಷ್ಟೇ. ಒಂದೇ ವಾಕ್ಯಕ್ಕೆ ಇಬ್ಬರು, ಒಬ್ಬರದನ್ನು ಒಬ್ಬರು ನೋಡದೆ ಹಾಕುತ್ತೇವೆ. ಹೊಂದಿದರೆ ಸರಿ. ಪದೇ ಪದೇ ಹೊಂದದಿದ್ದರೆ ತಪ್ಪು ಯಾರದೆಂದು ಹುಡುಕಿ ಅವರನ್ನು ಮನೆಗೆ ಕಳಿಸುತ್ತಾರೆ.

ನನ್ನ ಜೋಡಿ ನನ್ನ ಅಕ್ಕ. ತಲೆಗೆ ಮೊಟಕಿ ಮೊಟಕಿ ನನಗೆ ಇಂಗ್ಲಿಷ್ ಕಲಿಸಿದವಳು. ಮದುವೆ, ಮಕ್ಕಳು ಯಾವುದೂ ಬೇಡವೆಂದವಳಿಗೆ ಈ ಮೇಜು, ಈ ವಾಕ್ಯಗಳೇ ಸರ್ವಸ್ವ. ಎಂಟು ತಿಂಗಳ ಹಿಂದೆ ಹೊಂದದ ವಾಕ್ಯಗಳ ಪಟ್ಟಿ ಬಂತು. ನರ್ಸ್ ಮುದುಕನಿಗೆ ಔಷಧಿ ಕುಡಿಸಿದಳು ಎಂಬರ್ಥದ ವಾಕ್ಯದಲ್ಲಿ, ಕುಡಿಸಿದವನು ಮುದುಕ ಎಂದು ಅಕ್ಕ ಗುರುತು ಹಾಕಿದ್ದಳು! ಆ ವಾರವೇ ಎರಡು ಸಲ ಹಾಲು ಒಲೆಯ ಮೇಲೆ ಸೀದಿತ್ತು. ಡಾಕ್ಟರು ಮರೆವಿನ ಕಾಯಿಲೆ ಎಂದರು.

ಅಂದಿನಿಂದ, ಅವಳು ಊಟಕ್ಕೆ ಕೈ ತೊಳೆಯಲು ಹೋದಾಗ ಅವಳ ಕಂಪ್ಯೂಟರಿನ ಪರದೆ ನೋಡಿಕೊಂಡು ಬಂದು ಅದೇ ತಪ್ಪನ್ನು ನಾನೂ ಹಾಕುತ್ತಿದ್ದೆ. ಗೊತ್ತಿದ್ದೂ ದಡ್ಡಿಯಾಗುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು.

ಮೊನ್ನೆ ಸೂಪರ್‌ವೈಸರ್ ಇಬ್ಬರನ್ನೂ ಕರೆದರು.

"ನಲವತ್ತು ವಾಕ್ಯ, ಇಬ್ಬರದೂ ಒಂದೇ ತಪ್ಪು. ತಪ್ಪಾದ್ರೆ ತಿದ್ದಬಹುದು. ನಕಲು ಮಾಡಿದೋರನ್ನ ಮಾತ್ರ ಇಟ್ಕೊಳ್ಳಲ್ಲ. ಯಾರು ಮಾಡಿದ್ದು?"

ಅಕ್ಕ ಅವರ ಮುಂದಿದ್ದ ಹಾಳೆ ಎಳೆದುಕೊಂಡು ಓದಿದಳು. ಅವತ್ತೇ ಅವಳ ತಲೆ ಚುರುಕಾಗಿರಬೇಕೆ, ಹಾಳಾದ್ದು! ಮೂರೇ ಸಾಲಿಗೆ ಎಲ್ಲ ಅರ್ಥವಾಯಿತು. ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹೇಳಿಬಿಟ್ಟಳು.

"ನಾನೇ ಸಾರ್. ಇವಳದ್ದನ್ನ ನೋಡಿ ಹಾಕಿದೆ."

"ಇಲ್ಲ ಸಾರ್..."

"ಸುಮ್ನಿರೇ!"

ನಾನು ಸುಮ್ಮನಾದೆ. ಆ ಸುಮ್ಮನಿದ್ದದ್ದಕ್ಕೆ ನನ್ನನ್ನು ನಾನು ಇನ್ನೂ ಶಪಿಸಿಕೊಳ್ಳುತ್ತಿದ್ದೇನೆ.

ಮೆಟ್ಟಿಲಿಳಿಯುವಾಗ ನಾನು ಅಳುತ್ತಿದ್ದರೆ ಬೈದಳು.

"ಅಳಬೇಡ್ವೇ, ಮಂಕೆ. ತಲೆ ಕೆಟ್ಟೋಳು ಅನ್ನಿಸ್ಕೊಳ್ಳೋದಕ್ಕಿಂತ ಕಳ್ಳಿ ಅನ್ನಿಸ್ಕೊಳ್ಳೋದೇ ವಾಸಿ. ನಾಳೆಯಿಂದ ನೀನೊಬ್ಳೇ ಬರ್ಬೇಕು, ಹುಷಾರು."

ಮರುದಿನ ಬೆಳಿಗ್ಗೆ ಒಬ್ಬಳೇ ಹೊರಡಲು ಮನಸ್ಸಾಗದೆ ಬೇಕೆಂದೇ ತಡಮಾಡಿದೆ. ಹೊರಗೆ ಬಂದರೆ ಅಕ್ಕ ತಲೆ ಬಾಚಿ, ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.

"ಏನೇ ಸೋಮಾರಿ, ಇನ್ನೂ ಆಗ್ಲಿಲ್ವಾ? ನಡಿ, ಕೆಲಸಕ್ಕೆ ಹೊತ್ತಾಯ್ತು."

ಹಿಂದಿನ ದಿನದ್ದನ್ನು ನೆನಪಿಸಬೇಕಿತ್ತು. ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಹೊರಟೆ.