ಅವನು ಜಗ್ಗದ ವೈರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರಿಗೆಲ್ಲ ಡಂಗುರ ಸಾರಿದವನು ನನ್ನ ತಮ್ಮ. ಸುಳ್ಳೇನಲ್ಲ. ಮೂವತ್ತೊಂದು ವರ್ಷ ಇಬ್ಬರೂ ಒಂದೇ ಶೆಡ್ಡಿನಲ್ಲಿ ಗಾಡಿಗಳ ವೈರಿಂಗ್ ಮಾಡಿದೆವು. ಅಷ್ಟೂ ವರ್ಷ ನಾನು ಬೈದೆ, ಅವನು ನಕ್ಕ. ನಮ್ಮದೊಂದು ಕಟ್ಟುನಿಟ್ಟಿತ್ತು. ವೈರಿನ ತುದಿಗೆ ಲಗ್ ಎಂಬ ತಾಮ್ರದ ಪುಟ್ಟ ಕೊಳವೆ ಸಿಕ್ಕಿಸಿ ಇಕ್ಕಳದಲ್ಲಿ ಒತ್ತುವವನು ನಾನು, ಅದನ್ನು ಹಿಡಿದು ಜಗ್ಗಿ ನೋಡುವವನು ಅವನು. ಒತ್ತಿದ ಕೈಗೆ ತನ್ನ ಕೆಲಸದ ಮೇಲೆ ಮೋಹ, ಅದು ಮನಸಾರೆ ಎಳೆಯುವುದಿಲ್ಲ ಎನ್ನುತ್ತಿದ್ದ. ಅವನು ಜಗ್ಗದೆ ಒಂದು ಗಾಡಿಯೂ ಶೆಡ್ಡು ದಾಟಿರಲಿಲ್ಲ.

ಆಮೇಲೆ ಅವನ ಶ್ವಾಸಕೋಶ ಕೈಕೊಟ್ಟಿತು. ಮೂಗಿಗೆ ನಳಿಗೆ, ಪಕ್ಕದಲ್ಲಿ ಸದಾ ಗೊರಗುಟ್ಟುವ ಆಕ್ಸಿಜನ್ ಯಂತ್ರ. ಹೆಂಡತಿ ಎಂದೋ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು, ಏಳು ಗಂಟೆ ದಾರಿಯ ಊರಿನಲ್ಲಿ. ಅವಳಿಗೆ ಆಪರೇಷನ್ ಮಾಡಿ ಹೆರಿಗೆಯಾಯಿತು. ಹೊಲಿಗೆ ಇನ್ನೂ ಹಸಿ, ಅವಳು ಬರುವಂತಿರಲಿಲ್ಲ. ಇವನಿಗೆ ಇನ್ನೆರಡು ತಿಂಗಳು ಸಿಕ್ಕರೆ ಹೆಚ್ಚು ಎಂದು ಡಾಕ್ಟರು ನನ್ನೊಬ್ಬನಿಗೇ ಹೇಳಿದ್ದರು. ಅದೂ ಅವನಿಗೆ ಹೇಗೋ ಗೊತ್ತಾಗಿತ್ತು.

“ಅಣ್ಣಾ, ಮಗೂನ ಒಂದ್ಸಲ ತೊಡೆ ಮೇಲೆ ಮಲಗಿಸ್ಕೋಬೇಕು. ಅಷ್ಟು ಸಾಕು ನಂಗೆ.”

ಸಾಯೋ ಕಾಲಕ್ಕೆ ಸವಾರಿ ಬೇರೆ ಎಂದು ರೇಗಿದೆ. ರೇಗಿದ ಬಾಯಲ್ಲೇ ಹೋಗಿ ಪವರ್ ಸ್ಟೇಷನ್ ಒಂದನ್ನು ತಂದೆ, ಸೂಟ್‌ಕೇಸಿನಷ್ಟು ದೊಡ್ಡ ಬ್ಯಾಟರಿ ಪೆಟ್ಟಿಗೆ. ಅದು ಯಂತ್ರವನ್ನು ಮೂರು ಗಂಟೆ ನಡೆಸುತ್ತದೆ, ಆಮೇಲೆ ಖಾಲಿ. ಏಳು ಗಂಟೆ ತಡೆಯಬೇಕಾದರೆ ನಮ್ಮ ಶೆಡ್ಡಿನ ವ್ಯಾನು ಓಡುತ್ತಲೇ ಪೆಟ್ಟಿಗೆ ತುಂಬುತ್ತಿರಬೇಕು. ಇಂಜಿನ್ನಿನ ಆಲ್ಟರ್ನೇಟರು ಹೇಗೂ ಕರೆಂಟು ಕೊಡುತ್ತದೆ. ಅದನ್ನು ಪೆಟ್ಟಿಗೆಗೆ ಹದವಾಗಿ ಸಾಗಿಸುವ ಚಾರ್ಜರನ್ನು ನಡುವೆ ಕೂರಿಸಿದರೆ ಆಯಿತು.

ಅವನು ಶೆಡ್ಡಿನ ಕುರ್ಚಿಯಲ್ಲಿ ನಳಿಗೆ ಹಾಕಿಕೊಂಡು ಕೂತೇ ಯಜಮಾನಿಕೆ ನಡೆಸಿದ. ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಹಾಕು, ವೈರನ್ನು ಸೈಲೆನ್ಸರಿನಿಂದ ದೂರ ಎಳಿ. ನನಗೇ ಪಾಠ! ಒತ್ತಿದ ಒಂದೊಂದು ತುದಿಯನ್ನೂ ಅವನ ಕೈಗೆ ಕೊಟ್ಟೆ. ಜಗ್ಗಿ, ಏದುಸಿರು ಬಿಟ್ಟು, ತಲೆಯಾಡಿಸಿದ. ಕೊನೆಗೆ ಉಳಿದದ್ದು ಚಾರ್ಜರಿನ ಕಪ್ಪು ಅರ್ತ್ ವೈರು. ಒತ್ತಿ ತಿರುಗಿ ನೋಡಿದರೆ ಗಲ್ಲ ಎದೆಗೆ ತಾಗಿಸಿ ನಿದ್ದೆ ಹೋಗಿದ್ದ. ನಾಲ್ಕು ರಾತ್ರಿಯಿಂದ ಅವನಿಗೆ ಕಣ್ಣು ಹತ್ತಿರಲಿಲ್ಲ. ಎಬ್ಬಿಸಲಿಲ್ಲ. ನಾನೇ ಜಗ್ಗಿದೆ, ಗಟ್ಟಿಯಾಗಿದೆ ಅನ್ನಿಸಿತು. ಸೀಟಿನಡಿ ಚಾರ್ಜರಿಗೆ ಬಿಗಿದೆ.

ಮರುದಿನ ಬೆಳಗ್ಗೆ ಹೊರಟೆವು. ಪೆಟ್ಟಿಗೆಯ ಪರದೆ ನೂರು ತೋರಿಸುತ್ತಿತ್ತು. ಅವನು ದಾರಿಯುದ್ದಕ್ಕೂ ಮಗುವಿನ ಮೂಗು ಯಾರ ಹಾಗಿರಬಹುದು ಎಂದು ನನ್ನ ತಲೆ ತಿಂದ. ಎರಡನೇ ಗಂಟೆ ರಸ್ತೆ ಕಿತ್ತುಹೋಗಿತ್ತು, ಕುಲುಕಾಡಿಕೊಂಡು ಹೋದೆವು. ಆಮೇಲೆ ಅವನ ಮಾತು ನಿಂತಿತು. ಮಲಗಿದ್ದಾನೆ ಅಂದುಕೊಂಡೆ. ಅವನು ಮಲಗಿರಲಿಲ್ಲ. ಪೆಟ್ಟಿಗೆಯ ಅಂಕಿ ಇಳಿಯುತ್ತಿರುವುದನ್ನು ನೋಡಿ, ನನಗೆ ಹೇಳದೆ, ಯಂತ್ರದ ಗಾಳಿ ಅರ್ಧಕ್ಕೆ ಇಳಿಸಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದ. ಸುಟ್ಟ ವಾಸನೆ ಬಂದಾಗ ವ್ಯಾನು ನಿಲ್ಲಿಸಿದೆ. ಅವನ ತುಟಿ ನೀಲಿಯಾಗಿತ್ತು. ಕೈಯಿಳಿಸಿ ಸೀಟಿನಡಿಯ ಕಪ್ಪು ವೈರನ್ನು ಮೆಲ್ಲಗೆ ಎಳೆದ. ಲಗ್ ಅಲ್ಲೇ ಉಳಿಯಿತು, ಬರೀ ವೈರು ಅವನ ಕೈಗೆ ಬಂತು.

“ಇದನ್ನ ನಾನು ಜಗ್ಗಿರ್ಲಿಲ್ಲ, ಅಲ್ವಾ ಅಣ್ಣಾ?”

ಸಡಿಲ ತುದಿ ಕಾದು ಕಾದು ಚಾರ್ಜರಿನ ಟರ್ಮಿನಲ್ಲೇ ಕರಗಿತ್ತು. ದಾರಿಯಲ್ಲಿ ರಿಪೇರಿಯಾಗುವ ಮಾತಲ್ಲ. ಪೆಟ್ಟಿಗೆಯಲ್ಲಿ ಉಳಿದದ್ದು ಒಂದು ಗಂಟೆ, ಮಗಳ ಮನೆಗೆ ನಾಲ್ಕು ಗಂಟೆ. ಹಿಂದೆ ಬಿಟ್ಟು ಬಂದ ಪೇಟೆಯ ಆಸ್ಪತ್ರೆಗೆ ತಿರುಗಿಸಿದೆ. ಇನ್ನು ಎಲ್ಲಿಗೂ ಕರೆದೊಯ್ಯುವಂತಿಲ್ಲ ಎಂದರು ಅಲ್ಲಿನ ಡಾಕ್ಟರು. ಹನ್ನೊಂದು ದಿನವಷ್ಟೇ ಬದುಕಿದ. ಮಗುವನ್ನು ಫೋನಿನಲ್ಲೇ ನೋಡಿದ. ಮಗಳಿಗೆ, ತನಗೇ ಹೆದರಿಕೆಯಾಗಿ ವಾಪಸ್ ತಿರುಗಿಸು ಅಂದದ್ದಾಗಿ ಹೇಳಿದ. ನಾನು ಬಾಯಿ ತೆರೆದರೆ ಕೈ ಅದುಮಿ ಸುಮ್ಮನಿರಿಸಿದ. ಮೂವತ್ತೊಂದು ವರ್ಷ ಬೈದ ಬಾಯಿ ಅವತ್ತು ಸುಮ್ಮನಾಯಿತು, ಹೇಡಿ ಬಾಯಿ.

ಎರಡು ತಿಂಗಳಾದ ಮೇಲೆ ಮಗಳು ಮಗುವನ್ನು ಎತ್ತಿಕೊಂಡು ಶೆಡ್ಡಿಗೆ ಬಂದಳು. ಅಪ್ಪನ ಕುರ್ಚಿಯಲ್ಲಿ ಕೂತಳು.

“ಅಪ್ಪ ಇನ್ನೊಂದು ನಾಲ್ಕು ಗಂಟೆ ಧೈರ್ಯ ಮಾಡ್ಬಾರದಿತ್ತಾ ದೊಡ್ಡಪ್ಪ? ನನ್ನ ಮಗೂಗೋಸ್ಕರ ಅಷ್ಟೂ ಆಗ್ಲಿಲ್ವಾ?”

ಎಲ್ಲ ಹೇಳಿದೆ. ಲಗ್ ಒತ್ತಿದ್ದು, ಅವನು ಮಲಗಿದ್ದು, ಎಬ್ಬಿಸದೇ ಹೋದದ್ದು, ಅವನು ತನ್ನ ಗಾಳಿಯನ್ನು ತಾನೇ ಕಡಿಮೆ ಮಾಡಿಕೊಂಡು ಮುಂದೆ ಹೋಗಲು ನೋಡಿದ್ದು.

“ನಿಮ್ಮಪ್ಪ ಹೆದರಲಿಲ್ಲ ಮಗಳೇ. ತಪ್ಪು ನಂದು.”

ಉಗಿಯುತ್ತಾಳೆ ಎಂದು ಕಾದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಎದ್ದು ಬಂದು ಗ್ರೀಸು ಮೆತ್ತಿದ ನನ್ನ ತೊಡೆಯ ಮೇಲೆಯೇ ಮಗುವನ್ನು ಮಲಗಿಸಿದಳು. ಅದರ ಮೂಗು ಥೇಟ್ ನನ್ನ ತಮ್ಮನದು.