ಐದು ನಿಮಿಷ ಬಿಟ್ಟು

"ಕೇಳಿಸ್ತಾ ಅಪ್ಪಾ?"

"ನಿನ್ನ ಮಾತು ಕೇಳಿಸ್ತಿದೆ."

"ನನ್ನ ಮಾತಲ್ಲ. ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮ ಕಿವಿಯಲ್ಲಿ ಸಣ್ಣಗೆ ‘ಟಿಣ್’ ಅನ್ನುತ್ತೆ. ಅಂದ ತಕ್ಷಣ ಹೇಳಬೇಕು."

ಮಾತ್ರೆ ನುಂಗಲು ನೆನಪಿಸುವ ಆ್ಯಪ್ ಮರುದಿನ ಬೆಳಿಗ್ಗೆ ಜನರ ಕೈ ಸೇರಬೇಕಿತ್ತು. ಕರೆಯ ನಡುವೆ ಅಲಾರಂ ಬಂದರೆ ಕಿವಿ ಒಡೆಯುವಂತೆ ಅರಚಬಾರದು, ಹಾಗೆಂದು ಬಾಯಿ ಮುಚ್ಚಿಕೊಂಡೂ ಇರಬಾರದು. ಫೋನ್ ಹಿಡಿದವರಿಗೆ ಮಾತ್ರ ಮೆಲ್ಲಗೆ ಕೇಳಿಸಬೇಕು. ಪರೀಕ್ಷಿಸಿ ‘ಸರಿಯಿದೆ’ ಎಂದು ಬರೆಯಬೇಕಾದವಳು ಫೋನ್ ಮಾಡಿದ ಈ ಮಗಳು. ಯಾವುದೋ ಅಜ್ಜಿ ಮೊಮ್ಮಗಳೊಡನೆ ಹರಟುತ್ತ ಮಾತ್ರೆ ಮರೆತಂತೆ ವಾರದಿಂದ ಕನಸು ಬೀಳುತ್ತಿತ್ತು. ಹಳೆಯ ಫೋನುಗಳಲ್ಲೇ ಎಡವಟ್ಟು ಹೆಚ್ಚು. ಅಪ್ಪನದಕ್ಕಿಂತ ಹಳೆಯ ಫೋನು ಇವಳಿಗೆ ಗೊತ್ತಿದ್ದವರಲ್ಲಿ ಯಾರ ಬಳಿಯೂ ಇರಲಿಲ್ಲ.

ಆದರೆ ಅಪ್ಪ ಫೋನಿನಲ್ಲಿ ಒಂದು ನಿಮಿಷದ ಮೇಲೆ ಮಾತಾಡಿದವರೇ ಅಲ್ಲ. ಕಾರು ಕಲಿಸುವವರು, ದಿನವಿಡೀ "ಕ್ಲಚ್ ಒತ್ತಿ, ಬ್ರೇಕ್ ಬಿಡಿ" ಎಂದು ಮಾತೆಲ್ಲ ಅಲ್ಲೇ ಖರ್ಚು. ಮಗಳು ಕರೆ ಮಾಡಿದರೆ, "ಹುಷಾರಾ? ತಗೋ, ಅಮ್ಮನಿಗೆ ಕೊಡ್ತೀನಿ." ಅದಕ್ಕೇ ಸಂಜೆ ಅವರು ಕಾರಿನಲ್ಲಿ ಒಬ್ಬರೇ ಇರುವ ಹೊತ್ತು ನೋಡಿ ಹಿಡಿದಿದ್ದಳು.

"ಅಲಾರಂ ಬರೋವರೆಗೂ ಏನಾದ್ರೂ ಮಾತಾಡ್ತಿರಿ ಅಪ್ಪಾ."

"ನಾನೇನು ಮಾತಾಡ್ಲಿ?" ಎಂದರು ಅಪ್ಪ. "ಇವತ್ತು ರಿಟೈರಾದ ಹೆಡ್‌ಮೇಡಂ ಒಬ್ಬರು ಕಲಿಯೋಕೆ ಬಂದಿದ್ರು. ಎದುರಿಗೆ ಲಾರಿ ಬಂತು. ಬ್ರೇಕ್ ಒತ್ತಿ ಅಂದ್ರೆ, ಕಣ್ಣು ಮುಚ್ಚಿಕೊಂಡು ‘ಸೈಲೆನ್ಸ್’ ಅಂತ ಗದರಿದ್ರು."

"ಲಾರೀನಾ?"

"ನನ್ನನ್ನ. ನಾನೂ ಸುಮ್ಮನಾದೆ, ಲಾರಿಯವನೂ ಸುಮ್ಮನೆ ನಿಂತ."

ಮಗಳು ನಕ್ಕಿದ್ದೇ ಅಪ್ಪನಿಗೆ ಹುರುಪು ಬಂತು. ರಿವರ್ಸ್ ಎಂದರೆ ಬೆವರುವ ಹಲ್ಲಿನ ಡಾಕ್ಟರು ಮಾತಿಗೆ ಬಂದರು. ಮೂರು ವರ್ಷದವಳಿದ್ದಾಗ ಇವಳೇ ಸ್ಟೀರಿಂಗ್ ಕಚ್ಚಿದ್ದೂ ಬಂತು. ನಡುನಡುವೆ ಅಪ್ಪ ಒಂದು ಕ್ಷಣ ನಿಂತು ಮತ್ತೆ ಶುರು ಮಾಡುತ್ತಿದ್ದರು.

"ಕೇಳಿಸ್ತಾ?"

"ಇಲ್ಲವಲ್ಲ."

ಹದಿನೈದು ನಿಮಿಷ ಕಳೆಯಿತು. ಆ್ಯಪ್ ನಾಳೆ ಬೇಡ, ತಡೆಯಿರಿ ಎಂದು ಮೇಲಿನವರಿಗೆ ಅರ್ಧ ಪತ್ರ ಬರೆದವಳು, ಯಾವುದಕ್ಕೂ ಇರಲಿ ಎಂದು ಕಂಪ್ಯೂಟರಿನಲ್ಲಿ ಅಪ್ಪನ ಫೋನಿಗೆ ಹಾಕಿಸಿದ್ದ ಆ್ಯಪಿನ ದಾಖಲೆ ತೆರೆದಳು. ಅಲ್ಲಿ ಸದ್ದು ಯಾವಾಗ ಬಂತು, ಯಾವ ಗುಂಡಿ ಒತ್ತಿದರು ಎಲ್ಲವೂ ಕಾಣುತ್ತದೆ.

ಆರು ಹತ್ತು: ಅಲಾರಂ ಬಂತು. ‘ಐದು ನಿಮಿಷ ಬಿಟ್ಟು’ ಗುಂಡಿ ಒತ್ತಲಾಗಿದೆ.

ಆರು ಹದಿನೈದಕ್ಕೂ ಅದೇ. ಆರು ಇಪ್ಪತ್ತಕ್ಕೂ ಅದೇ.

"ಇನ್ನೂ ಬಂದಿಲ್ಲ ಕಣಮ್ಮ," ಎಂದರು ಅಪ್ಪ. "ನೋಡೋಣ ಇರು, ಅವಸರ ಏನಿದೆ?"

"ಏನೂ ಇಲ್ಲ ಅಪ್ಪಾ."

ಪತ್ರ ಅಳಿಸಿ, ಹಾಳೆಯಲ್ಲಿ ‘ಸರಿಯಿದೆ’ ಎಂದು ಬರೆದಳು. ಉಳಿದದ್ದು ಆಫೀಸಿಗೆ ಬೇಡ, ಅಮ್ಮನಿಗೂ ಬೇಡ, ಅಪ್ಪನಿಗಂತೂ ಬೇಡವೇ ಬೇಡ. ಮೇಜಿನಡಿ ಚಪ್ಪಲಿ ಕಳಚಿ, ಕಾಲು ಮಡಚಿ ಕುರ್ಚಿಯ ಮೇಲೆ ಕೂತಳು.