ಎಮ್ಮೆಯ ಕಿಟಕಿ

ಡೀಸೆಲ್ ವಾಸನೆ ಬಂದರೆ ಅವಳಿಗೆ ಈಗಲೂ ಬಾಗಿಲು ತೆಗೆಯಲು ಓಡಬೇಕೆನಿಸುತ್ತದೆ. ಚಿಕ್ಕವಳಿದ್ದಾಗ, ಅಣ್ಣ ಮೆಟ್ಟಿಲು ಹತ್ತುವ ಮೊದಲೇ ಅವನ ಅಂಗಿಯ ವಾಸನೆ ಮನೆಯೊಳಗೆ ಬಂದಿರುತ್ತಿತ್ತು. ಎಷ್ಟು ಸೋಪು ತಿಕ್ಕಿದರೂ ಹೋಗದು. “ಇವನಿಗೆ ಹೆಣ್ಣು ಕೊಡೋರು ಮೂಗು ಮುಚ್ಕೊಂಡೇ ಬರಬೇಕು” ಎಂದು ಅಮ್ಮ ಗೊಣಗುತ್ತಿದ್ದಳು. ಯಾರೂ ಬರಲಿಲ್ಲ, ಅಣ್ಣ ತಾನು ಓಡಿಸುವ ರೈಲು ಎಂಜಿನ್ನಿನ ಜೊತೆಗೇ ಸಂಸಾರ ಹೂಡಿದ.

ದೂರದೂರಿಗೆ ರೈಲೆಳೆಯುವ ಎಂಜಿನ್ನೂ ಅಲ್ಲ ಅದು. ಯಾರ್ಡಿನಲ್ಲೇ ಹಿಂದೆ ಮುಂದೆ ಓಡಾಡುತ್ತ ಗೂಡ್ಸ್ ಡಬ್ಬಿಗಳನ್ನು ಜೋಡಿಸುವ ಮೊಂಡು ಮೂತಿಯ ಡೀಸೆಲ್. ಎಲ್ಲರೂ ಎಮ್ಮೆ ಎನ್ನುತ್ತಿದ್ದರು. ಇಂಥವುಗಳ ಫೋಟೊ ಯಾರೂ ತೆಗೆಯುವುದಿಲ್ಲವೆಂದೇ ಅವಳು ತೆಗೆಯತೊಡಗಿದ್ದು. ತನ್ನ ಸ್ಟುಡಿಯೋದಲ್ಲಿ ದಿನವಿಡೀ ಜನರ ಮುಖ ನೋಡಿ ಸಾಕಾಗಿ, ರಜೆ ಬಂದರೆ ಯಾರ್ಡು. ಅಲ್ಲಿ ಅವಳದೊಂದು ಹಟ: ಚಿತ್ರದಲ್ಲಿ ನರಪಿಳ್ಳೆಯೂ ಇರಬಾರದು.

“ಅಣ್ಣಾ, ತಲೆ ಒಳಗೆ ತಗೋ.”

“ಯಾಕೇ, ಎಮ್ಮೆಗಿಂತ ಕುರೂಪಿನಾ ನಾನು?”

“ಎಮ್ಮೆ ಇನ್ನೆಷ್ಟು ದಿನ ಇರುತ್ತೆ? ನೀನೆಲ್ಲಿಗೆ ಹೋಗ್ತೀಯ, ಇದ್ದೇ ಇರ್ತೀಯಲ್ಲ.”

ಅವನು ನಕ್ಕು ಕಿಟಕಿಯಿಂದ ತಲೆ ಒಳಗೆಳೆದುಕೊಳ್ಳುತ್ತಿದ್ದ.

ಹೋದ ತಿಂಗಳು ಅಣ್ಣನೇ ಮೊದಲು ಹೋದ. ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ. ಯಾರ್ಡಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಅಣ್ಣನ ಜೊತೆಗಾರರು. ಅಣ್ಣನಿಗೆ ಮಧ್ಯಾಹ್ನದ ಊಟ ಅವರ ಮನೆಯಿಂದಲೇ ಬರುತ್ತಿತ್ತು. ಅವರು ಬಂದು ಕೇಳಿದರು, “ಎಮ್ಮೆ ಜೊತೆ ಅವರದೊಂದು ಫೋಟೊ ಕೊಡಿ ತಂಗಿ. ನಮ್ಮ ರೂಮಿನ ಗೋಡೆಗೆ ಹಾಕ್ತೀವಿ.”

ಅವಳು ಪೆಟ್ಟಿಗೆಗಳನ್ನೆಲ್ಲ ಸುರಿದು ಹುಡುಕಿದಳು. ಬಿಸಿಲಲ್ಲಿ ಎಮ್ಮೆ, ಮಂಜಿನಲ್ಲಿ ಎಮ್ಮೆ, ಮೈ ತೊಳೆಸಿಕೊಂಡು ಮಿರುಗುವ ಎಮ್ಮೆ. ಎಲ್ಲದರಲ್ಲೂ ಕಿಟಕಿ ಖಾಲಿ.

ಇವತ್ತು ಎಮ್ಮೆಯನ್ನು ಗುಜರಿಗೆ ಒಯ್ಯುವ ದಿನ. ಯಾರ್ಡಿನ ಮೇಲೆಲ್ಲ ಕರೆಂಟಿನ ತಂತಿ ಎಳೆದಾಗಿತ್ತು, ಡೀಸೆಲ್ ಎಂಜಿನ್ನಿಗೆ ಇನ್ನು ಕೆಲಸವಿರಲಿಲ್ಲ. ಅವಳು ಕ್ಯಾಮೆರಾ ಹೆಗಲಿಗೇರಿಸಿ ಬಂದಾಗ ಪಾಯಿಂಟ್ಸ್‌ಮನ್ ಏಣಿ ಹಿಡಿದುಕೊಂಡು ನಿಂತರು. ಮೇಲೆ ಹತ್ತಿದಳು. ಕಿಟಕಿಯ ಅಂಚಿನಲ್ಲಿ ಒಂದು ಕಡೆ ಮಾತ್ರ ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಅಣ್ಣನ ಮೊಣಕೈ ಊರಿದ ಜಾಗ. ತನ್ನ ಮೊಣಕೈ ಇಟ್ಟು ನೋಡಿದಳು. ಅಲ್ಲೇ ಕುಸಿದು ಕುಳಿತು, ಕೆಳಗಿದ್ದವರಿಗೆ ಕೇಳಿಸದಂತೆ ಅತ್ತಳು.

ಇಳಿದು ಬಂದು ಕ್ಯಾಮೆರಾ ಎತ್ತಿದಾಗ ಪಾಯಿಂಟ್ಸ್‌ಮನ್ ಕಿಟಕಿಯ ಕೆಳಗಿದ್ದರು. ಅಭ್ಯಾಸದಂತೆ ಪಕ್ಕಕ್ಕೆ ಸರಿಯಹೋದರು.

“ಸರೀಬೇಡಿ. ಅಲ್ಲೇ ಇರಿ.”

“ನನ್ನ ಮೂತಿ ಯಾಕೆ ತಂಗಿ, ಚಿತ್ರ ಹಾಳಾಗುತ್ತೆ.”

“ಇರಿ ಅಂದೆನಲ್ಲ.”

ಅವರು ಟೋಪಿ ತೆಗೆದು ಕೂದಲು ಸರಿಮಾಡಿಕೊಂಡು ನಿಂತರು. ಆ ಒಂದು ಫೋಟೊವನ್ನಷ್ಟೇ ತೆಗೆದಳು. ಕರೆಂಟು ಎಂಜಿನ್ ಬಂದು ಎಮ್ಮೆಯನ್ನು ಸದ್ದಿಲ್ಲದೆ ಎಳೆದುಕೊಂಡು ಹೋಯಿತು.

ಇಬ್ಬರೂ ಅವರ ರೂಮಿನ ಬೆಂಚಿನ ಮೇಲೆ ಕುಳಿತರು. ನಲ್ಲಿ ಎದುರಿಗೇ ಇತ್ತು. ಅಂಗೈ ತುಂಬ ಡೀಸೆಲ್ ವಾಸನೆ. ಅವಳಿಗೆ ಎದ್ದು ತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

“ಎಷ್ಟು ಹೇಳಿದರೂ ನಮ್ಮನೆಯವಳು ಈಗಲೂ ಎರಡು ಡಬ್ಬಿನೇ ಕಟ್ತಾಳೆ” ಎಂದರು ಅವರು, ಚೀಲ ಬಿಚ್ಚುತ್ತ.

ನಲ್ಲಿಯ ಕಡೆಗೊಮ್ಮೆ, ಮಡಿಲಲ್ಲಿ ಮುಚ್ಚಿಟ್ಟ ಅವಳ ಕೈಗಳ ಕಡೆಗೊಮ್ಮೆ ನೋಡಿದರು. ಆಮೇಲೆ ಎರಡನೆಯ ಡಬ್ಬಿಯ ಮುಚ್ಚಳ ತೆಗೆದು, ಎಲ್ಲಿಂದಲೋ ಒಂದು ಚಮಚ ಹುಡುಕಿ ಅದರಲ್ಲಿಟ್ಟು, ಅವಳಿಗೆ ಕೊಟ್ಟರು.